ಸ್ಟಾಕ್ ಹಂಬಕರ್ ಕಸ ಅಂತ ಪಿಕಪ್ ತೆಗೆಸುವ ಮೊದಲು ಓದಿ

ಕಾರವಾರದಿಂದ ಹೊನ್ನಾವರದವರೆಗೆ ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ತಂಡದ ಹುಡುಗನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ರಿಪೇರಿ ಅಂಗಡಿಯ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ.

ಹುಡುಗನ ಹತ್ತಿರ ಇರುವುದು ಎಪಿಫೋನ್ ಲೆಸ್ ಪಾಲ್ ಸ್ಟ್ಯಾಂಡರ್ಡ್. ಕಾರ್ಯಕ್ರಮಗಳಲ್ಲಿ ಬಂದ ಹಣ ಕೂಡಿಟ್ಟು ತಂದದ್ದು. ಅದರ ಸ್ಟಾಕ್ ಪಿಕಪ್‌ಗಳು, ಅಂದರೆ ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ ಮಾಡುವ, ಕಂಪನಿಯಿಂದಲೇ ಬಂದ ಭಾಗಗಳು, ಪ್ರೋಬಕರ್ ಅನ್ನುವ ಹಂಬಕರ್ (ಎರಡು ಕಾಯಿಲ್ಲಿನ ಪಿಕಪ್): ಅಲ್ನಿಕೊ 2 ಮ್ಯಾಗ್ನೆಟ್, ನಿಕಲ್ ಸಿಲ್ವರ್ ಬೇಸ್. ಮೆಟಲ್ ನುಡಿಸುವವರಿಗೆ ಇವು ಸಪ್ಪೆ ಅನ್ನಿಸುತ್ತವೆ, ಅವರಿಗೆ ಸೆರಾಮಿಕ್ ಮ್ಯಾಗ್ನೆಟ್ಟಿನ ಬಿಗಿ ಬೇಕು. ಹಳೆಯ ಹಿಂದಿ ಹಾಡು, ಕೊಂಕಣಿ ಹಾಡು, ಚರ್ಚ್ ಕಾಯರ್ ನುಡಿಸುವ ನಮ್ಮಂಥವರಿಗೆ ಆ ಮೆದು ದನಿಯೇ ಚೆಂದ. ಆ ಪಿಕಪ್‌ಗಳಲ್ಲಿ ಅವನು ಒಂದು ಸೀಸನ್ ಪೂರ್ತಿ ನುಡಿಸಿದ್ದಾನೆ, ನಾನು ಪಕ್ಕದಲ್ಲೇ ಇದ್ದೆ. ದನಿಗೆ ಯಾವ ಕೊರತೆಯೂ ಇರಲಿಲ್ಲ.

ಅವನ ಮನೆ ಕಡಲ ಬದಿಗೇ. ಮಳೆಗಾಲದ ತೇವ ಮತ್ತು ಉಪ್ಪುಗಾಳಿಗೆ ವಾಲ್ಯೂಮ್ ಪಾಟ್‌ಗಳು (ದನಿ ಏರಿಸಿ ಇಳಿಸುವ ಗುಂಡಿಯ ಕೆಳಗಿನ ಭಾಗ) ಕರಕರ ಅನ್ನತೊಡಗಿದವು. ಈ ಕರಾವಳಿಯಲ್ಲಿ ಇದು ಎಲ್ಲರ ಗಿಟಾರಿಗೂ ಬರುವ ಕಾಯಿಲೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೆಚ್ಚಾಗಿ ಹೋಗುತ್ತದೆ. ಅಂಗಡಿಯವರು ಎರಡೂ ವಾಲ್ಯೂಮ್ ಪಾಟ್ ಬದಲಿಸಿ ಕೊಟ್ಟರು. ಕರಕರ ಹೋಯಿತು, ಜೊತೆಗೆ ದನಿಯ ಹೊಳಪೂ ಹೋಯಿತು. ನೆಕ್ (ಗಿಟಾರಿನ ಕುತ್ತಿಗೆ ಬದಿಯ) ಪಿಕಪ್ಪಿನಲ್ಲಿ ಕಾರ್ಡ್ ಹಿಡಿದರೆ ಬರೀ ಗುಂಯ್ ಅನ್ನುವ ಮಬ್ಬು.

ಅವನು ಮತ್ತೆ ಅಲ್ಲಿಗೇ ಹೋದ. "ತಮ್ಮಾ, ಕಂಪನಿಯಿಂದ ಬಂದ ಪಿಕಪ್ ಎಲ್ಲಾ ಹಿಂಗೇ, ಕಸ. ಸೇಮೋರ್ ಡಂಕನ್ ಹಾಕು, ದನಿ ಬಿಚ್ಕೊಳ್ತದೆ, ಹಮ್ಮೂ ನಿಲ್ತದೆ" ಅಂದರು. ಹಮ್ ಅಂದರೆ ಕರೆಂಟಿನ ಗುಂಯ್ ಸದ್ದು. ಆ ಪಿಕಪ್ ಕಂಪನಿಯ ಜೆಬಿ (ಬ್ರಿಡ್ಜ್ ಜಾಗಕ್ಕೆ) ಮತ್ತು ಜಾಝ್ (ನೆಕ್ ಜಾಗಕ್ಕೆ) ಮಾಡೆಲ್ ಜೋಡಿ ಅಂತ ಹೇಳಿ, ಕೂಲಿ ಸೇರಿಸಿ ₹16,000 ತೆಗೆದುಕೊಂಡರು.

ಸದಾಶಿವಗಡದ ಒಂದು ಮದುವೆಯಲ್ಲಿ ನನಗೆ ಅನುಮಾನ ಬಂತು. ಪಿಕಪ್ ಆರಿಸುವ ಟಾಗಲ್ ಸ್ವಿಚ್ ನಡುವೆ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿದರೆ ದನಿ ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳಗೆ. ಎರಡು ಪಿಕಪ್ ಔಟ್ ಆಫ್ ಫೇಸ್ (ಒಂದರ ಸಿಗ್ನಲ್ ಇನ್ನೊಂದಕ್ಕೆ ಉಲ್ಟಾ) ಇದ್ದರೆ ಹೀಗೇ ಕೇಳುತ್ತದೆ. ಮನೆಗೆ ತಂದು ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿದೆ.

ಹೊಸ ಪಾಟ್‌ಗಳ ಬೆನ್ನ ಮೇಲೆ ಎ250ಕೆ ಅಂತ ಇತ್ತು. 250 ಕಿಲೋ ಓಮ್ ಪಾಟ್ ಸಾಮಾನ್ಯವಾಗಿ ಸಿಂಗಲ್ ಕಾಯಿಲ್ ಗಿಟಾರಿನದು. ಹಂಬಕರಿಗೆ 500 ಹಾಕುವುದು ರೂಢಿ, ಕಡಿಮೆ ಹಾಕಿದರೆ ಪಿಕಪ್ ಮೇಲೆ ಲೋಡ್ ಜಾಸ್ತಿಯಾಗಿ ಟ್ರೆಬಲ್ ಸಾಯುತ್ತದೆ. ದನಿ ಮಬ್ಬಾದದ್ದು ಅವರೇ ಹಾಕಿದ ಪಾಟ್‌ನಿಂದ. ದೂರು ಹೊತ್ತದ್ದು ಏನೂ ಆಗದ ಪಿಕಪ್. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ.

ಆಮೇಲೆ ಮಲ್ಟಿಮೀಟರ್ ಹಿಡಿದೆ. ಇದನ್ನು ನೀವೂ ಮಾಡಬಹುದು, ಏನನ್ನೂ ಬಿಚ್ಚಬೇಕಿಲ್ಲ. ಗಿಟಾರಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಟಾಗಲ್ ಅನ್ನು ಒಂದು ಪಿಕಪ್ಪಿಗೆ ಇಡಿ. ಕೇಬಲ್ಲಿನ ಇನ್ನೊಂದು ತುದಿಯ ಜ್ಯಾಕಿನಲ್ಲಿ ಮೊನೆಗೆ ಒಂದು, ಬುಡಕ್ಕೆ ಒಂದು ಕಡ್ಡಿ ತಾಗಿಸಿ. ಪಾಟ್ ನಡುವೆ ಇರುವುದರಿಂದ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅಷ್ಟೇ. ಅಸಲಿ ಜೆಬಿ ಸುಮಾರು 16 ಕಿಲೋ ಓಮ್ ಇರುತ್ತದೆ, ನೆಕ್ ಜಾಗದ ಜಾಝ್ ಅದರ ಅರ್ಧದ ಆಸುಪಾಸು. ಇಲ್ಲಿ ಎರಡೂ 8ರ ಹತ್ತಿರವೇ ನಿಂತವು. ಅಸಲಿ ಜೋಡಿಗೆ ನಾಲ್ಕು ಬಣ್ಣದ ವಯರ್ ಮತ್ತು ಒಂದು ಬರಿ ತಂತಿ ಇರುತ್ತದೆ, ಇವಕ್ಕೆ ಇದ್ದದ್ದು ಒಂದೇ ವಯರ್, ಮೇಲೆ ಜಾಲರಿ. ಓಮ್ ಹೆಚ್ಚಿದ್ದ ಮಾತ್ರಕ್ಕೆ ಪಿಕಪ್ ಒಳ್ಳೆಯದಾಗುವುದಿಲ್ಲ, ಓಮ್ ಸರಿ ಬಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಆದರೆ ಇಷ್ಟು ವ್ಯತ್ಯಾಸ ಬಂದರೆ ಅದು ನಕಲಿಯೇ.

ಹಮ್ಮಿನ ಮಾತೂ ಸುಳ್ಳು. ಹಂಬಕರ್ ಹುಟ್ಟಿದ್ದೇ ಹಮ್ ಅಡಗಿಸಲು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1959ರಲ್ಲಿ ಸಿಕ್ಕಿತು. ಎರಡು ಕಾಯಿಲ್‌ಗಳ ಸುತ್ತಿನ ದಿಕ್ಕೂ ಮ್ಯಾಗ್ನೆಟ್ ದಿಕ್ಕೂ ಒಂದಕ್ಕೊಂದು ಉಲ್ಟಾ ಇರುವುದರಿಂದ ಕರೆಂಟಿನ 50 ಹರ್ಟ್ಸ್ ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ, ತಂತಿಯ ನಾದ ಮಾತ್ರ ಉಳಿಯುತ್ತದೆ. ಹಂಬಕರ್ ಇದ್ದೂ ಜೋರಾಗಿ ಹಮ್ ಬಂದರೆ ಜ್ಯಾಕ್, ಗ್ರೌಂಡ್ ವಯರ್, ಸಭಾಂಗಣದ ಅರ್ತಿಂಗ್ ನೋಡಬೇಕು.

ಅಂಗಡಿಗೆ ಹೋಗಿ ಕೇಳಿದೆವು. "ನಾವು ಹಾಕಿದ್ದು ಒರಿಜಿನಲ್ಲೇ" ಅಂತ ಒಂದೇ ಮಾತು. ಹಳೆಯ ಪ್ರೋಬಕರ್ ಜೋಡಿ ಕೊಡಿ ಅಂದರೆ "ಅದು ಗುಜರಿಗೆ ಹೋಯ್ತು". ಬಿಲ್ಲಿನಲ್ಲಿ ಇರುವುದು 'ಗಿಟಾರ್ ರಿಪೇರಿ' ಅಂತ ಒಂದೇ ಸಾಲು, ಪಿಕಪ್ಪಿನ ಹೆಸರೇ ಇಲ್ಲ.

ಹಾಗಾಗಿ ಗಿಟಾರ್ ಕೊಡುವ ಮೊದಲು ಒಳಗಿನ ಫೋಟೊ ತೆಗೆದಿಡಿ, ಎರಡೂ ಪಿಕಪ್ಪಿನ ಓಮ್ ಬರೆದಿಡಿ. ದನಿ ಮಬ್ಬು ಅನ್ನಿಸಿದರೆ ಮೊದಲು ಒಂದು ಸ್ಕ್ರೂಡ್ರೈವರಿನಿಂದ ನೆಕ್ ಪಿಕಪ್ಪನ್ನು ದಪ್ಪ ತಂತಿಯ ಕಡೆ ಸ್ವಲ್ಪ ಇಳಿಸಿ ನೋಡಿ. ಕಾಸು ಖರ್ಚಿಲ್ಲದ ಕೆಲಸ, ಅರ್ಧ ಮಬ್ಬು ಇದರಲ್ಲೇ ಹೋದದ್ದನ್ನು ಎಷ್ಟೋ ಗಿಟಾರುಗಳಲ್ಲಿ ಕಂಡಿದ್ದೇನೆ. ಆಮೇಲೂ ಪಿಕಪ್ ಬದಲಿಸಲೇಬೇಕು ಅನ್ನಿಸಿದರೆ ಬದಲಿಸಿ, ಅದು ನಿಮ್ಮ ಕಿವಿಗೆ ಬಿಟ್ಟದ್ದು. ಆದರೆ ಹೊಸದರ ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ, ಬಿಲ್ಲಿನಲ್ಲಿ ಕಂಪನಿ, ಮಾಡೆಲ್ ಎರಡೂ ಬರಲಿ, ಹಳೆಯದನ್ನು ವಯರ್ ಗಿಡ್ಡ ಮಾಡದೆ ಬಿಚ್ಚಿ ನಿಮ್ಮ ಕೈಗೆ ಕೊಡಲಿ.

500ರ ಪಾಟ್ ತಂದು ನಾನೇ ಬೆಸುಗೆ ಹಾಕಿ ಕೊಟ್ಟಿದ್ದೇನೆ, ಸದ್ಯಕ್ಕೆ ನಡೆಯುತ್ತಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಆಗಿದೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ, ಇಷ್ಟು ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ. ಈ ಕಡೆ ಯಾರಾದರೂ ಬಳಸಿದ ಪ್ರೋಬಕರ್ ಜೋಡಿ ಮಾರಲು ತಂದರೆ, ನೆಕ್ ಪಿಕಪ್ಪಿನ ಕವರ್ ಮೇಲೆ ಸಣ್ಣ ತಂತಿಯ ಕಡೆ ಉದ್ದನೆಯ ಗೀರು ಇದೆಯೇ ನೋಡಿ. ಇದ್ದರೆ ನನಗೊಂದು ಮೆಸೇಜ್ ಹಾಕಿ, ಅದು ನಮ್ಮ ಹುಡುಗನದು.