ಫುಕೆಟ್‌ನಲ್ಲಿ ಮುದ್ದೆ ತಿರುವಿದೆ, ಊಟಿಯಲ್ಲಿ ರೂಮ್ ಸಿಗಲಿಲ್ಲ

2014ರಲ್ಲಿ ಹಾಸನದ ಬಿ.ಎಂ. ರಸ್ತೆಯ ಒಂದು ಹೋಟೆಲಿಗೆ ಕರೆದು ಪುಕ್ಕಟೆ ಊಟ ಹಾಕಿದರು. ಜೊತೆಗೆ ಒಂದು ಕುಕ್ಕರ್. ಎದ್ದು ಬರುವಷ್ಟರಲ್ಲಿ ನಮ್ಮ ಯಜಮಾನರು 3,60,000 ರೂಪಾಯಿಯ ಟೈಮ್‌ಶೇರ್‌ಗೆ ಸಹಿ ಹಾಕಿದ್ದರು. ಟೈಮ್‌ಶೇರ್ ಅಂದರೆ ಮೊದಲೇ ದುಡ್ಡು ಕಟ್ಟಿ, ವರ್ಷಕ್ಕೆ ಇಂತಿಷ್ಟು ರಾತ್ರಿ ರೆಸಾರ್ಟ್‌ನಲ್ಲಿ ಉಳಿಯುವ ಸದಸ್ಯತ್ವ. ನಮ್ಮದು 25 ವರ್ಷ, ವರ್ಷಕ್ಕೆ ಏಳು ರಾತ್ರಿಯಷ್ಟು ಪಾಯಿಂಟ್. ಕುಕ್ಕರಿನ ಗ್ಯಾಸ್ಕೆಟ್ ಆರು ತಿಂಗಳಿಗೇ ಹೋಯಿತು. ಸದಸ್ಯತ್ವ ಇನ್ನೂ ಇದೆ. ಕಂಪನಿ ಹೆಸರು ಬೇಡ ಬಿಡಿ.

ಸುಮ್ನೆ ಬೈಯುವುದಕ್ಕೆ ಬರೆಯುತ್ತಿಲ್ಲ. ಎರಡು ವರ್ಷದ ಹಿಂದೆ ಇದೇ ಪಾಯಿಂಟ್ ಎಕ್ಸ್‌ಚೇಂಜ್ ಮಾಡಿ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿಬಂದೆವು. ಎಕ್ಸ್‌ಚೇಂಜ್ ಅಂದರೆ ಇಷ್ಟೇ: ನಮ್ಮ ಪಾಲಿನ ದಿನಗಳನ್ನು ಇನ್ನೊಂದು ಕಂಪನಿಗೆ ಜಮಾ ಮಾಡುವುದು, ಬದಲಿಗೆ ಬೇರೆ ಯಾರೋ ಜಮಾ ಮಾಡಿದ ಜಾಗ ತಗೊಳ್ಳುವುದು. ಹೊಸದೇನಲ್ಲ, ಅಮೆರಿಕದಲ್ಲಿ ಆರ್‌ಸಿಐ ಅನ್ನುವ ಕಂಪನಿ 1974ರಲ್ಲೇ ಇದನ್ನು ಶುರುಮಾಡಿತ್ತು. ನಾವು ಜನವರಿಯಲ್ಲೇ ಜಮಾ ಮಾಡಿ, ಸೆಪ್ಟೆಂಬರ್ ಕೇಳಿದೆವು. ಆಗ ಅಲ್ಲಿ ಮಳೆಗಾಲ. ಅದಕ್ಕೇ ಸಿಕ್ಕಿದ್ದು.

ಎರಡು ಬೆಡ್‌ರೂಮ್, ಹಾಲ್, ಪುಟ್ಟ ಅಡುಗೆಮನೆ. ನಾವಿಬ್ಬರು, ಅಣ್ಣ ಅತ್ತಿಗೆ, ಮಗಳು ಅಳಿಯ. ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಕಟ್ಟಿಕೊಂಡಿದ್ದೆ, ಮುದ್ದೆಕೋಲು ಮಾತ್ರ ಮರೆತಿದ್ದೆ. ಅತ್ತಿಗೆ ಪಾತ್ರೆಯನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು, ನಾನು ಅಲ್ಲಿದ್ದ ಮರದ ಸೌಟನ್ನು ತಲೆಕೆಳಗು ಮಾಡಿ ಅದರ ಹಿಡಿಯಲ್ಲೇ ತಿರುವಿದೆ. ಸ್ವಲ್ಪ ಗಂಟಾಯಿತು. ಅಲ್ಲಿನ ಸಂತೆಯಲ್ಲಿ ಸಿಕ್ಕ ಯಾವುದೋ ಸೊಪ್ಪಿನ ಬಸ್ಸಾರು. ಅಳಿಯ ಎರಡು ಮುದ್ದೆ ಉಂಡರು. ಹೋಟೆಲ್ ರೂಮಿನಲ್ಲಿ ಇದೆಲ್ಲ ಆಗುತ್ತಾ?

ದುಡ್ಡಿನ ಲೆಕ್ಕಕ್ಕೆ ಬರೋಣ. ವರ್ಷವರ್ಷ ಕಂಪನಿಗೆ ಕಟ್ಟುವ ಮೇಂಟೆನೆನ್ಸ್ 18,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 21,240. ಎಕ್ಸ್‌ಚೇಂಜ್ ಶುಲ್ಕ 12,360. ಮೊದಲೇ ಕಟ್ಟಿದ 3,60,000 ಅನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 14,400. ಈ ಕೊನೆಯದನ್ನು ಸೇರಿಸದೇ ಲೆಕ್ಕ ಹೇಳುವವರೇ ಜಾಸ್ತಿ, ನಮ್ಮ ಯಜಮಾನರೂ ಅದೇ ಪೈಕಿ. ಎಲ್ಲ ಸೇರಿ 48,000, ರಾತ್ರಿಗೆ ಸುಮಾರು 6,850. ಅದೇ ಬೀದಿಯ ಹೋಟೆಲಿನಲ್ಲಿ ವಿಚಾರಿಸಿದೆ: ಒಂದು ರೂಮಿಗೆ 3,000. ಆರು ಜನಕ್ಕೆ ಮೂರು ರೂಮ್, 9,000. ಗೆದ್ದೆವು. ಆದರೆ ನಾವಿಬ್ಬರೇ ಹೋಗಿದ್ದರೆ? ಒಂದು ರೂಮಿಗೆ ಎರಡರಷ್ಟಕ್ಕಿಂತ ಜಾಸ್ತಿ ಕೊಟ್ಟಹಾಗೆ.

ಇನ್ನು ಊಟಿ. ಹಾಸನಾಂಬೆ ಗುಡಿಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ. ಡಿಸೆಂಬರ್ ಕೊನೆವಾರದ ಊಟಿ ನಮ್ಮ ಪಾಯಿಂಟಿಗೆ ಒಂದು ಸಲವೂ ತೆರೆದಿಲ್ಲ. 2025ರಲ್ಲೂ ಜುಲೈಯಿಂದ ವೇಯ್ಟಿಂಗ್ ಲಿಸ್ಟ್‌ನಲ್ಲಿ ಕೂರಿಸಿದರು. ಫೋನ್ ಮಾಡಿದಾಗೆಲ್ಲ ‘ಟ್ರೈ ಮಾಡ್ತಿದ್ದೀವಿ ಮೇಡಂ.’ ಕೊನೆಗೆ ಒಂದು ಮಂಗಳವಾರ ಹೋಟೆಲಿಗೆ ಫೋನ್ ಮಾಡಿ ಶನಿವಾರಕ್ಕೆ ರೂಮ್ ಹಿಡಿದೆ. 4,000 ಬಾಡಿಗೆ, ತಿಂಡಿ ಸೇರಿ. ಸೆಪ್ಟೆಂಬರ್ 22ರಿಂದ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿತ್ತಲ್ಲ, ಹಾಗಾಗಿ 4,200. ಹಿಂದಿನ ದಿನದವರೆಗೆ ರದ್ದು ಮಾಡಿದರೂ ದುಡ್ಡು ವಾಪಸ್. ಪಾಯಿಂಟ್‌ನಲ್ಲಿ ಕೊನೆಗಳಿಗೆಯಲ್ಲಿ ರದ್ದು ಮಾಡಿದರೆ ರಾತ್ರಿಗಳೇ ಹೋಗುತ್ತವೆ. ಊಟಿಗೆ ಇ-ಪಾಸ್ ಬೇಕು, ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಬಂದ್. ಅದೆರಡು ಬಿಟ್ಟರೆ ಏನೂ ತಾಪತ್ರಯ ಇರಲಿಲ್ಲ.

ನಮ್ಮ ಬೀದಿಯ ಒಬ್ಬರು ಇದನ್ನು ತಗೊಳ್ಳಲಾ ಅಂತ ಕೇಳಿದರು. ಮೊದಲು ಈಗಾಗಲೇ ಸದಸ್ಯರಾಗಿರುವವರನ್ನು, ಬೇಡವಾದರೆ ಇದನ್ನು ಮಾರೋಕೆ ಆಗುತ್ತಾ ಅಂತ ಕೇಳಿ ಅಂದೆ. ನಮ್ಮದನ್ನು ಮೂರು ಜನಕ್ಕೆ ತೋರಿಸಿದ್ದೇನೆ. ಅರ್ಧ ಬೆಲೆಗೂ ಒಬ್ಬರೂ ಮುಂದೆ ಬಂದಿಲ್ಲ.

ಈ ವರ್ಷದ ಬಿಲ್ ಫ್ರಿಜ್ ಮೇಲೆ ಕೂತಿದೆ. ನಿನ್ನೆ ಅಣ್ಣನಿಗೆ ಫೋನ್ ಮಾಡಿ ಕೇಳಿದ್ದೇನೆ, ಈ ಸಲವೂ ಆರು ಜನ ಆಗುತ್ತೀವಾ ಅಂತ.