ಕ್ಲೈಂಟಿಗೆ ಡಿಸೈನ್ ತೋರಿಸೋಕೆ ಟಿವಿಯಾ, ಪ್ರೊಜೆಕ್ಟರಾ?

ಇಂಟೀರಿಯರ್ ಕೆಲಸ, ಕ್ಲೈಂಟ್ ನಿಮ್ಮ ಆಫೀಸಿಗೇ ಬರುತ್ತಾರೆ ಅಂದ್ರೆ ಜಾಸ್ತಿ ಯೋಚನೆ ಬೇಡ, 55 ಇಂಚಿನ 4ಕೆ ಟಿವಿ ತಗೊಳ್ಳಿ. ಕಿಟಕಿ ತೆರೆದಿದ್ದರೂ ಬಣ್ಣ ಅಷ್ಟಾಗಿ ಮಂಕಾಗುವುದಿಲ್ಲ, ಪ್ಲಾನಿನ ಸಣ್ಣ ಅಳತೆಗಳನ್ನೂ ಓದಬಹುದು. ಪ್ರೊಜೆಕ್ಟರಿನಲ್ಲಿ ಕಪ್ಪು ಅನ್ನೋದು ಪರದೆ ಎಷ್ಟು ಕತ್ತಲಿದೆಯೋ ಅಷ್ಟೇ. ಹಗಲು ಹೊತ್ತಲ್ಲಿ ನೀವು ಆರಿಸಿದ ಕಡು ಕಂದು ಲ್ಯಾಮಿನೇಟ್ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಅವರು "ಇದು ಬೇಡ" ಅಂದುಬಿಡುತ್ತಾರೆ. ಟಿವಿಯಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ವಿವಿಡ್ ಮೋಡಿನಲ್ಲಿ ಬಿಟ್ಟರೆ ತಿಳಿ ಹಳದಿ ಗೋಡೆ ನಿಂಬೆಹಣ್ಣಾಗುತ್ತದೆ. ಸಿನಿಮಾ ಮೋಡಿಗೆ ಹಾಕಿ. ಓವರ್‌ಸ್ಕ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಡ್ರಾಯಿಂಗಿನ ಅಂಚು ಕತ್ತರಿಸಿ ಹೋಗುತ್ತದೆ.

ದೊಡ್ಡ ಹಾಲ್, ಹತ್ತಾರು ಜನ ಇದ್ದರೆ ಪ್ರೊಜೆಕ್ಟರೇ ಸರಿ. ಬಾಕ್ಸ್ ಮೇಲೆ ಸುಮ್ನೆ ಲ್ಯುಮೆನ್ಸ್ (ಬೆಳಕಿನ ಅಳತೆ) ಅಂತಿದ್ದರೆ ನಂಬಬೇಡಿ, ಆನ್ಸಿ ಲ್ಯುಮೆನ್ಸ್, ಅಂದ್ರೆ ಗೊತ್ತುಪಡಿಸಿದ ವಿಧಾನದಲ್ಲಿ ಅಳೆದ ಬೆಳಕು, ಎಷ್ಟು ಅಂತ ಕೇಳಿ. ಲೈಟ್ ಉರಿಯುವ ಕೋಣೆಗೆ 3000ಕ್ಕಿಂತ ಕಡಿಮೆ ಬೇಡ. ನಮಗೆ ಬಣ್ಣವೇ ಮುಖ್ಯ ಅಲ್ವಾ, ಹಾಗಾಗಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪ್ಯಾನೆಲ್ ಇರುವ 3ಎಲ್‌ಸಿಡಿ ಪ್ರೊಜೆಕ್ಟರ್ ನೋಡಿ. ಒಂದೇ ಚಿಪ್‌ನಿಂದ ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸುವ ಡಿಎಲ್‌ಪಿ ಪ್ರೊಜೆಕ್ಟರಿನಲ್ಲಿ ಕೆಲವರ ಕಣ್ಣಿಗೆ ಕಾಮನಬಿಲ್ಲಿನ ಗೆರೆಗಳು ಮಿಂಚುತ್ತವೆ.

ಕ್ಲೈಂಟ್ ಮನೆಗೆ ನೀವೇ ಹೋಗುತ್ತೀರಾ? 15.6 ಇಂಚಿನ ಪೋರ್ಟಬಲ್ ಮಾನಿಟರ್ ಸಾಕು. ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟ್ ವಿಡಿಯೋ ಕಳಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ಕೆಲವು ಪೋರ್ಟ್ ಕಳಿಸುವುದಿಲ್ಲ.