ಹಳೆಯ ಎಸಿಗೆ ಆರ್-22 ಗ್ಯಾಸ್: ಮಂಗಳೂರಿನ ಒಂದು ದುರಸ್ತಿ ಸೇವೆಯ ವಿಮರ್ಶೆ

ಮಂಗಳೂರಿನ ನಮ್ಮ ಮನೆಯ ಒಂದೂವರೆ ಟನ್ನಿನ ಹಳೆಯ ಸ್ಪ್ಲಿಟ್ ಎಸಿ ಈ ಬೇಸಿಗೆಯಲ್ಲಿ ತಂಪು ಕೊಡುವುದನ್ನು ನಿಲ್ಲಿಸಿದಾಗ ಬಡಾವಣೆಯ ಸಣ್ಣ ದುರಸ್ತಿ ಅಂಗಡಿಯವರನ್ನು ಕರೆಸಿದೆವು. ಬಂದ ಮೆಕ್ಯಾನಿಕ್ ನೇರವಾಗಿ ಗ್ಯಾಸ್ ತುಂಬಲು ಹೊರಡದೆ, ಹೊರಗಿನ ಯೂನಿಟ್ಟಿನ ಮೇಲಿದ್ದ ಚೀಟಿಯ ಧೂಳು ಒರೆಸಿ, ಇದರಲ್ಲಿ ತಂಪು ಮಾಡುವ ಅನಿಲ ಆರ್-22 ಎಂದು ತೋರಿಸಿ, ಆಮೇಲೆ ಸಾಬೂನು ನೀರು ಹಚ್ಚಿ ತಾಮ್ರದ ಕೊಳವೆಯನ್ನು ಜೋಡಿಸುವ ಫ್ಲೇರ್ ನಟ್ಟಿನ ಬಳಿ ಗುಳ್ಳೆಯೇಳುತ್ತಿದ್ದ ಜಾಗವನ್ನು ಪತ್ತೆ ಹಚ್ಚಿದರು. ಸೋರಿಕೆ ಮುಚ್ಚದೆ ವರ್ಷವರ್ಷವೂ ಗ್ಯಾಸ್ ತುಂಬಿ ಹಣ ಎಣಿಸಿಕೊಳ್ಳುವವರ ನಡುವೆ ಇದು ಮೆಚ್ಚತಕ್ಕ ಕ್ರಮ.

ಓಝೋನ್ ಪದರಕ್ಕೆ ಹಾನಿ ಮಾಡುವ ಈ ಆರ್-22 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಹಂತಹಂತವಾಗಿ ಕೈಬಿಡಲಾಗುತ್ತಿದ್ದು, ಭಾರತದಲ್ಲಿ 2025ರ ಜನವರಿಯಿಂದ ಹೊಸ ಉಪಕರಣಗಳ ತಯಾರಿಕೆಯಲ್ಲಿ ಇದರ ಬಳಕೆಗೆ ಅವಕಾಶವಿಲ್ಲ. ಹಳೆಯ ಯಂತ್ರವನ್ನು ಇಟ್ಟುಕೊಳ್ಳುವುದಕ್ಕಾಗಲಿ ದುರಸ್ತಿ ಮಾಡಿಸುವುದಕ್ಕಾಗಲಿ ನಿಷೇಧವಿಲ್ಲ. ಆದರೆ ಪೂರೈಕೆ ಕುಗ್ಗಿದಂತೆ ಬೆಲೆ ಏರುವುದು ಸಹಜ. ಹಾಗಾದರೆ ಹೊಸ ಎಸಿಗಳಲ್ಲಿ ಬಳಸುವ ಆರ್-32 ಅನಿಲವನ್ನು ತುಂಬಿಸಬಹುದೇ ಎಂಬ ನಮ್ಮ ಪ್ರಶ್ನೆಗೆ, ಅದರ ಒತ್ತಡ ಆರ್-22ರದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಬೆಂಕಿ ಹೊತ್ತುವ ಗುಣವೂ ಸ್ವಲ್ಪ ಇದೆ, ಈ ಕಂಪ್ರೆಸರಿನ ಎಣ್ಣೆಗೂ ಅದು ಹೊಂದುವುದಿಲ್ಲ ಎಂದು ಮೆಕ್ಯಾನಿಕ್ ಖಡಾಖಂಡಿತವಾಗಿ ನಿರಾಕರಿಸಿದರು.

ಕೊರತೆಯೂ ಇದೆ. ಉಳಿದಿದ್ದ ಅನಿಲವನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳದೆ ಗಾಳಿಗೆ ಬಿಟ್ಟರು. ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಭೂಮಿಯನ್ನು ಬಿಸಿ ಮಾಡುವ ಅನಿಲದ ವಿಷಯದಲ್ಲಿ ಈ ಉದಾಸೀನ ಸಲ್ಲದು. ತುಂಬಿದ ಗ್ಯಾಸಿನ ತೂಕವನ್ನು ಬಿಲ್ಲಿನಲ್ಲಿ ಕೇಳಿದ ಮೇಲೆಯೇ ಬರೆದುಕೊಟ್ಟರು. ಇಂಥ ಸಣ್ಣ ಸೋರಿಕೆಗೆ ಇವರನ್ನು ಧಾರಾಳವಾಗಿ ಕರೆಯಬಹುದು. ಕಾಯಿಲ್ ತೂತಾಗಿದ್ದರೆ ಅಥವಾ ಕಂಪ್ರೆಸರ್ ಸುಟ್ಟಿದ್ದರೆ ಮಾತ್ರ ಆ ಹಣವನ್ನು ಹೊಸ ಎಸಿಗೆ ಹಾಕುವುದೇ ಲೇಸು.